ಮೀನಿನ ಬುಟ್ಟಿ ಹೊತ್ತು ಸೈನ್ಯಕ್ಕೆ ಹೋದದ್ದು

ತೆಂಗಿನಗುಂಡಿಯ ಮರಳನ್ನು ಯಾವತ್ತೂ ನನಗಿಂತ ಬೇಗ ದಾಟುತ್ತಿದ್ದ ನನ್ನ ಅತ್ತೆಗೆ,

ನೀನು ಸತ್ತಾಗ ನಾನು ಊರಿಗೆ ಬರಲಿಲ್ಲ. ಅದಕ್ಕೆ ಕ್ಷಮೆ ಕೇಳುವ ಕಾಗದ ಇದಲ್ಲ, ಮೊದಲೇ ಹೇಳಿಬಿಡುತ್ತೇನೆ. ಏಳು ವರ್ಷವಾಯಿತು. ಈಗಲೂ ರಜೆಯಲ್ಲಿ ಬಂದಾಗ ಯಾರಾದರೊಬ್ಬರು, ಅಮ್ಮ ಸತ್ತ ಮೇಲೆ ಸಾಕಿ ಬೆಳೆಸಿದ ಅತ್ತೆಯ ಹೆಣಕ್ಕೂ ಬಾರದವ ಇವನೇ ಎಂದು ಕಣ್ಣಿನಲ್ಲೇ ಹೇಳುತ್ತಾರೆ. ಹೇಳಲಿ. ನಾನು ಉತ್ತರ ಕೊಡಬೇಕಾದದ್ದು ನಿನಗೊಬ್ಬಳಿಗೆ. ನಿನಗೆ ಓದಲು ಬರುತ್ತಿರಲಿಲ್ಲ, ನಿಜ. ಆದರೆ ಅಲ್ಲಿ ಮೀನು ಮಾರುವ ಕೆಲಸವಿಲ್ಲ, ನನ್ನನ್ನು ಬೈಯುವ ಕೆಲಸವೂ ಇಲ್ಲ. ಇಷ್ಟು ಬಿಡುವಿನಲ್ಲಿ ಅಕ್ಷರ ಕಲಿತಿರಬೇಡವೇ?

ಸೈನ್ಯದಿಂದ ಕಾಗದ ಬಂದ ಮಧ್ಯಾಹ್ನ ನೆನಪಿದೆಯೇ? ಕಾರ್ಗಿಲ್ ಯುದ್ಧ ಮುಗಿದ ಮರುವರ್ಷ. ನಾನು ಹೊನ್ನಾವರದಲ್ಲಿ ಬಿ.ಎ. ಮುಗಿಸಿ, ಕುಮಟಾದ ಮೈದಾನದಲ್ಲಿ ನಡೆದ ಭರ್ತಿಯಲ್ಲಿ ಒಂದು ಮೈಲಿ ಓಡಿ ಹೇಗೋ ಪಾಸಾಗಿದ್ದೆ. ಓಡಿದ ಮೇಲೆ ಅರ್ಧ ಗಂಟೆ ಗೋಡೆಗೊರಗಿ ಕೂತಿದ್ದನ್ನು ಮಾತ್ರ ನಿನಗೆ ಹೇಳಿರಲಿಲ್ಲ. ದಂಡಪಿಂಡ ಎನ್ನುತ್ತಿದ್ದೆಯಲ್ಲ, ನೋಡೀಗ, ದಂಡಿಗೇ ಹೊರಟೆ ಎಂದೆ. ನನ್ನ ಶ್ಲೇಷೆಗೆ ಕಾಲೇಜಿನಲ್ಲಿ ಅಧ್ಯಾಪಕರೂ ನಗುತ್ತಿದ್ದರು. ನೀನು ನಗಲಿಲ್ಲ. ಬಂಗುಡೆ ಸೀಳುತ್ತಿದ್ದ ಕತ್ತಿಯನ್ನು ಕೆಳಗಿಟ್ಟು ನನ್ನ ಮೊಣಕಾಲಿನಿಂದ ಪಾದದವರೆಗೆ ಕಣ್ಣಾಡಿಸಿದೆ. "ಈ ಕಾಲ್ ತಕಂಡು ಹೋಗೂದಾ?" ಎಂದೆ. ಅಷ್ಟೇ.

ಕಾಲಿನ ವಿಷಯ ನಿನಗೆ ಮಾತ್ರ ಹೊಳೆದದ್ದಲ್ಲ. ಪಕ್ಕದ ಮುಟ್ಟಳ್ಳಿಯ ಸೈನಿಕನೊಬ್ಬ ರಜೆಯಲ್ಲಿ ಬಂದಿದ್ದ. ಅವನನ್ನು ಕೇಳಲು ಹೋದೆ. ಭರ್ತಿಯ ಓಟ ಬರೀ ಬಾಗಿಲು ತಟ್ಟಿದ ಹಾಗೆ ಎಂದ. ಒಳಗೆ ಹೋದ ಮೇಲೆ ಬೆನ್ನಿಗೆ ಭಾರ ಕಟ್ಟಿ ಓಡಿಸುತ್ತಾರೆ, ತಾಳದವರನ್ನು ಹಿಂದಿನ ತಂಡಕ್ಕೆ ತಳ್ಳಿ ಮೊದಲಿನಿಂದ ಶುರು ಮಾಡಿಸುತ್ತಾರೆ, ಅದಕ್ಕೂ ತಾಳದವರು ಮನೆಗೆ. ನಮ್ಮ ಕೇರಿಯ ಒಬ್ಬ ಹಾಗೆ ಇಪ್ಪತ್ತು ದಿನಕ್ಕೆ ತಿರುಗಿ ಬಂದವನು ಊರವರ ಬಾಯಿಗೆ ಹೆದರಿ ಗೋವೆಯ ಬೋಟು ಹತ್ತಿದ್ದು ಎಲ್ಲರಿಗೂ ಗೊತ್ತಿತ್ತು. ನನ್ನ ಕೈಯಲ್ಲಿ ಎರಡೂವರೆ ತಿಂಗಳಿತ್ತು.

ಮರುದಿನದಿಂದ ನನ್ನ ತಾಲೀಮು ಶುರುವಾಯಿತು. ಕಾಲೇಜು ಕಲಿತವನಲ್ಲವೇ, ಮೊದಲು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಹಳೇ ಚೀಲಕ್ಕೆ ಮರಳು ತುಂಬಿ ಬೆನ್ನಿಗೆ ಕಟ್ಟಿಕೊಂಡು ಕಡಲ ಬದಿಯಲ್ಲಿ ಓಡುವುದು, ದಣಿವಾದರೆ ನಿಲ್ಲುವುದು, ನಿಂತಮೇಲೆ ಸಮುದ್ರ ನೋಡುವುದು, ನೋಡಿದ ಮೇಲೆ ಕೂರುವುದು. ಆಮೇಲೆ ದಂಡ ಹೊಡೆಯುವುದು. ನಾನು ಹೊಡೆದ ದಂಡವೆಲ್ಲ ದಂಡ ಎಂದು ನೀನು ಒಂದು ವಾರದಲ್ಲೇ ತೀರ್ಪು ಕೊಟ್ಟೆ. ಚೀಲದ ಮರಳನ್ನು ಅಂಗಳಕ್ಕೆ ಸುರಿದು ಹೇಳಿದೆ: "ಮರಳು ಹಾಳಾಗೂದಿಲ್ಲ ಮಾರಾಯ, ಅದ್ಕೇ ನೀ ಕೂತ್ಕಂತೆ. ಮೀನ್ ಹೊರು. ಬಿಸಿಲು ಏರ್ತಾ ಬಂದ್ರೆ ಕಾಲ್ ತನ್ನಷ್ಟಕ್ಕೆ ಓಡ್ತದೆ."

ಬುಟ್ಟಿಯನ್ನು ಮೊದಲ ಸಲ ತಲೆಗೇರಿಸಿದ ಬೆಳಿಗ್ಗೆ ಇಡೀ ತೀರ ನಿಂತು ನೋಡಿತು. ನಮ್ಮಲ್ಲಿ ಮೀನು ನೀರಿನಲ್ಲಿರುವವರೆಗೆ ಗಂಡಸರದು, ದಡಕ್ಕೆ ಬಿದ್ದ ಮೇಲೆ ಹೆಂಗಸರದು. ಬಲೆ ಎಳೆದ ಯಾವ ಗಂಡಸೂ ಬುಟ್ಟಿ ಹೊತ್ತು ಪೇಟೆಗೆ ಹೋದವನಲ್ಲ. ಮೀನು ಹೊರುವ ವಿಷಯದಲ್ಲಿ ನಾನು ಮೀನಮೇಷ ಎಣಿಸುತ್ತ ನಿಂತಿದ್ದೆ. ನೀನು ಹಳೇ ಸೀರೆಯ ತುಂಡನ್ನು ಸುತ್ತಿ ಸಿಂಬೆ ಮಾಡಿ ನನ್ನ ನೆತ್ತಿಗೊತ್ತಿ, ಇನ್ನೊಬ್ಬಳನ್ನು ಕರೆದು ಇಬ್ಬರೂ ಸೇರಿ ಬುಟ್ಟಿ ಏರಿಸಿಯೇಬಿಟ್ಟಿರಿ. ನಿನ್ನ ಬುಟ್ಟಿ ನನ್ನದಕ್ಕಿಂತ ದೊಡ್ಡದಿತ್ತು. ವಯಸ್ಸು ನನ್ನ ಎರಡೂವರೆ ಪಟ್ಟು. ಆದರೂ ನಾನು ನೋಡುತ್ತಿದ್ದದ್ದು ನಿನ್ನ ಬೆನ್ನನ್ನೇ.

ದಾರಿ ಕೂಡುವಲ್ಲಿದ್ದ ಚಾ ಅಂಗಡಿಯ ದೇವಣ್ಣ ಆ ಬೆಳಿಗ್ಗೆಯನ್ನು ಬಿಟ್ಟುಕೊಡುತ್ತಾನೆಯೇ? ಗಿರಾಕಿಗಳ ಎದುರು ಕೂಗಿ ಕೇಳಿದ: "ಎಂತ ದುರ್ಗಕ್ಕ, ಮನೀಗೆ ಸೊಸೆ ತಂದ್ಕಂಡ್ಯನೆ?" ನನಗೆ ಬುಟ್ಟಿಯ ಒಳಗೇ ಕೂತುಬಿಡೋಣ ಅನಿಸಿತು. ನೀನು ನಡಿಗೆಯನ್ನು ಒಂದು ಚೂರೂ ನಿಧಾನ ಮಾಡಲಿಲ್ಲ. ಕುತ್ತಿಗೆ ತಿರುಗಿಸಲೂ ಇಲ್ಲ. "ಹೌದಾ ದೇವಣ್ಣ, ಮೀಸೆ ಇದ್ದ ಸೊಸೆ. ಊರಲ್ಲಿ ಉಳಿದ ಮೀಸೆ ಎಲ್ಲ ನಿನ್ ಅಂಗಡೀಲೇ ಕೂತದ್ಯಲ್ಲ" ಎಂದೆ. ಅಂಗಡಿಯಲ್ಲಿ ನಗು ಎದ್ದಿತು, ನಾನು ಆ ನಗುವಿಗೆ ಬೆಚ್ಚಿ ಎಡವಿದೆ, ಬುಟ್ಟಿ ಹೋಯಿತು. ರಸ್ತೆಯ ತುಂಬ ಬಂಗುಡೆ. ಕಾಗೆಗಳಿಗೆ ಯಾರು ಸುದ್ದಿ ಮುಟ್ಟಿಸಿದರೋ! ನೀನು ಒಂದನ್ನೂ ಹೆಕ್ಕಲಿಲ್ಲ. ನಾನೇ ಹೆಕ್ಕಿ, ತೊಳೆದು, ತುಂಬಿ ಮುಗಿಸುವವರೆಗೆ ನೀನು ನಿನ್ನ ತಲೆಯ ಭಾರ ಇಳಿಸದೆ ನಿಂತಿದ್ದೆ.

ಆಮೇಲಿನ ಎರಡು ತಿಂಗಳು ದಿನವೂ ಭಟ್ಕಳದ ಪೇಟೆಗೆ, ಅಲ್ಲಿ ಮೀನು ಉಳಿದರೆ ಶಿರಾಲಿಗೆ. ಶಿರದ ಮೇಲೆ ಹೊತ್ತರೆ ಅದು ಶಿರಾಲಿ, ಮತ್ತೇನು? ಅದಕ್ಕೂ ನೀನು ನಗಲಿಲ್ಲ. ನೀನು ಹೇಳುತ್ತಿದ್ದದ್ದು ಇಷ್ಟೇ: ಪಾದ ನೋಡಬೇಡ, ಹತ್ತು ಹೆಜ್ಜೆ ಮುಂದೆ ನೋಡು. ಉಸಿರಿರುವುದು ನಡೆಯಲಿಕ್ಕೆ, ಕತೆ ಹೇಳಲಿಕ್ಕಲ್ಲ. ಹೆಜ್ಜೆ ಚಿಕ್ಕದಿರಲಿ, ಬೇಗ ಬೀಳಲಿ. ನಿಲ್ಲಬೇಡ, ನಿಂತರೆ ಅದೇ ಬುಟ್ಟಿ ಎರಡು ಬುಟ್ಟಿಯಾಗುತ್ತದೆ. ಮೊದಲ ವಾರ ಕುತ್ತಿಗೆ ತಿರುಗುತ್ತಿರಲಿಲ್ಲ, ಎರಡನೆಯ ವಾರ ಮೊಣಕಾಲು ಬಗ್ಗುತ್ತಿರಲಿಲ್ಲ. ಐದನೆಯ ವಾರ ನಿನ್ನ ಪಕ್ಕಕ್ಕೆ ಬಂದೆ. ಆರನೆಯ ವಾರ ಒಂದು ದಿನ ನಿನ್ನನ್ನು ದಾಟಿದೆ. ನಿನಗೆ ಆಗಲೇ ಏದುಸಿರು ಬರುತ್ತಿತ್ತೇ? ನಾನು ಗೆದ್ದ ಅಮಲಿನಲ್ಲಿದ್ದೆ, ತಿರುಗಿ ನೋಡಿದ್ದರೆ ಬಹುಶಃ…

ಭಟ್ಕಳದ ಬಸ್ ನಿಲ್ದಾಣಕ್ಕೆ ನನ್ನನ್ನು ಕಳಿಸಲು ಬಂದಾಗ ನೀನು ಅಳಲಿಲ್ಲ. ಕಾಗದ ಬರೆ ಎಂದೆ. ದೇವಣ್ಣನ ಅಂಗಡಿಗೆ ಫೋನು ಬಂದಿದೆ, ಅಪರೂಪಕ್ಕೆ ಮಾತಾಡು ಎಂದೆ. ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು, "ನಡೂಗೆ ಬರ್ಬೇಡ. ಎಂತ ಆದ್ರೂ ಮುಗ್ಸೇ ಬಾ" ಎಂದೆ. ಎಂತ ಆದರೂ ಎನ್ನುವಾಗ ನಿನ್ನ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಕಾಲು ಮುರಿಯುವುದೋ, ಜ್ವರ ಬರುವುದೋ, ಊರ ನೆನಪೋ. ಸಾವು ಅದರಲ್ಲಿ ಸೇರಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ.

ತರಬೇತಿ ಕೇಂದ್ರದ ಮೊದಲ ಕವಾಯತಿನಲ್ಲೇ ನಿನ್ನ ವಿದ್ಯೆ ನನ್ನ ಮಾನ ಕಳೆಯಿತು. ಉಸ್ತಾದರು, ಅಂದರೆ ನಮ್ಮನ್ನು ತಿದ್ದುವ ಹವಾಲ್ದಾರರು, ಎಲ್ಲರನ್ನೂ ನಿಲ್ಲಿಸಿ ನನ್ನೊಬ್ಬನನ್ನು ನಡೆಸಿದರು. ತಲೆ ಅಲುಗದ ಹಾಗೆ ಹೆಂಗಸರ ಹಿಂದೆ ನಡೆದು ನಡೆದು ನನ್ನ ಅಲುಗಾಟವೆಲ್ಲ ಸೊಂಟಕ್ಕೆ ಇಳಿದಿತ್ತು! ಇದು ಫೌಜು, ಮದುವೆಯ ದಿಬ್ಬಣವಲ್ಲ ಎಂದು ಹಿಂದಿಯಲ್ಲಿ ಗುಡುಗಿ, ತಗಡಿನ ಟ್ರಂಕನ್ನು ತಲೆಯ ಮೇಲೆ ಹೊತ್ತು ಮೈದಾನ ಸುತ್ತುವ ಶಿಕ್ಷೆ ಕೊಟ್ಟರು. ಪಕ್ಕದವರು ಅಯ್ಯೋ ಎಂದರು. ನಾನು ಟವೆಲ್ಲನ್ನು ಸಿಂಬೆ ಸುತ್ತಿದೆ, ಇಬ್ಬರು ಟ್ರಂಕು ಏರಿಸಿದರು, ಎರಡೂ ಕೈ ಬಿಟ್ಟು ಹೊರಟೆ. ನಾಲ್ಕನೆಯ ಸುತ್ತಿಗೆ ಉಸ್ತಾದರೇ ನಿಲ್ಲಿಸಿ, ಎಲ್ಲಿ ಕಲಿತೆ ಎಂದರು. ಅತ್ತೆ ಕಲಿಸಿದ್ದು ಎಂದೆ. ಅತ್ತೆ ಯಾವ ರೆಜಿಮೆಂಟು ಎಂದು ಕೇಳಿದರು. ಸೊಂಟವನ್ನು ಸುಮ್ಮನಿರಿಸಲು ಆಮೇಲೆ ಮೂರು ವಾರ ಹಿಡಿಯಿತು. ಆದರೆ ಭಾರ ಹೊತ್ತು ಓಡುವ ದಿನ ಗಟ್ಟಿಮುಟ್ಟಾದವರೆಲ್ಲ ದಾರಿ ಬದಿಯಲ್ಲಿ ಬಗ್ಗಿ ವಾಂತಿ ಮಾಡುವಾಗ ನಾನು ಅವರನ್ನು ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ದಾಟುತ್ತಿದ್ದೆ.

ತಂತಿ ಬಂದ ಸಂಜೆ ನಾನು ಬೂಟಿಗೆ ಪಾಲಿಶ್ ಹಾಕುತ್ತಿದ್ದೆ. ದೇವಣ್ಣ ಕಳಿಸಿದ ತಂತಿ. ಪೇಟೆಯಿಂದ ತಿರುಗಿ ಬರುವಾಗ ದಾರಿಯಲ್ಲೇ ಕುಸಿದು ಪ್ರಾಣ ಬಿಟ್ಟೆಯಂತೆ. ಮರುದಿನ ಬೆಳಿಗ್ಗೆ ಭಾರ ಹೊತ್ತು ಓಡುವ ಕೊನೆಯ ಪರೀಕ್ಷೆ ಇತ್ತು. ಉಸ್ತಾದರ ಮೇಲಿನ ಸಾಹೇಬರು ಒಳ್ಳೆಯವರು, ರಜೆಯ ಕಾಗದವನ್ನು ಅಲ್ಲೇ ಬರೆಸಿದರು. ಆದರೆ ಹೋದರೆ ಹಿಂದಿನ ತಂಡ, ಎಲ್ಲ ಮೊದಲಿನಿಂದ ಎಂದೂ ಹೇಳಿದರು. ರೈಲಿನಲ್ಲಿ ಎರಡು ದಿನ. ಅಷ್ಟರಲ್ಲಿ ನೀನು ಬೂದಿ. ಯಾರ ಮುಖ ನೋಡಲು ಹೋಗುವುದು? ಊರವರದೇ? ಅತ್ತು ತೋರಿಸಲಿಕ್ಕೆ ಒಂದು ಊರು, ಓಡಿ ತೋರಿಸಲಿಕ್ಕೆ ಒಬ್ಬಳೇ ಅತ್ತೆ. ಸಾಹೇಬರ ಕಾಗದವನ್ನು ಅವರ ಮೇಜಿನ ಮೇಲೇ ಇಟ್ಟು ಬಂದೆ. ಉತ್ತರಕ್ರಿಯೆಗೂ ಬರಲಿಲ್ಲ. ಇವತ್ತು ಕೇಳಿದರೂ ಅದನ್ನೇ ಮಾಡುತ್ತೇನೆ. ತಪ್ಪೆಂದು ನಿನಗೆ ಅನಿಸಿದರೆ ಬೈಯಿ. ಬೇರೆ ಯಾರಿಗೂ ಆ ಹಕ್ಕಿಲ್ಲ.

ಆ ಬೆಳಿಗ್ಗೆ ಓಡುವಾಗ ಸೊಂಟಕ್ಕೆ ಹಾಕಿದ್ದ ಕಡಿವಾಣವನ್ನು ಬಿಚ್ಚಿಬಿಟ್ಟೆ. ಹಿಂದಿನಿಂದ ಯಾರೋ ನಕ್ಕರು. ನಕ್ಕವರು ಹಿಂದೆಯೇ ಉಳಿದರು. ಮುಗಿದ ಮೇಲೆ ಉಸ್ತಾದರು ಬೆನ್ನು ತಟ್ಟಿ, ಮೊದಲ ಐದು ಮಂದಿಗೆ ಇನಾಮು, ಮನೆಗೆ ಫೋನು ಮಾಡಿ ಹೇಳಿ ಎಂದು ಚೀಟಿ ಕೊಟ್ಟರು. ತಂತಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಕೈಗೆ ಬೇರೆ ನಂಬರು ಗೊತ್ತಿರಲಿಲ್ಲ, ಅದೇ ಅಂಗಡಿಗೆ ತಿರುಗಿಸಿತು. ಬಾಯಿಗೆ ಬೇರೆ ಮಾತು ಗೊತ್ತಿರಲಿಲ್ಲ, ಅತ್ತೆಯನ್ನು ಕರೆಯಿರಿ ಎಂದಿತು. ದೇವಣ್ಣನ ದನಿ ಇಳಿಯಿತು. ಆ ಮನುಷ್ಯ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಯಾರನ್ನ ಕರೀಲಿ ಮಾರಾಯ?" ಎಂದ.

ನಾನು ಫೋನಿಟ್ಟೆ. ಅವನಿಗೆ ಹೇಳಲಿಲ್ಲ, ಆಮೇಲೆ ಊರಲ್ಲೂ ಯಾರಿಗೂ ಹೇಳಲಿಲ್ಲ. ನಿನಗೆ ಹೇಳುವ ಮೊದಲು ಬೇರೆಯವರಿಗೆ ಯಾಕೆ ಹೇಳಬೇಕು?

ನಾಲ್ಕನೆಯವನಾಗಿ ಬಂದೆ, ಅತ್ತೆ. ಇಡೀ ತಂಡದಲ್ಲಿ. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ.