ಕಿವಿಯಿಲ್ಲದ ಕಂಬ

ತೊರಪಳ್ಳಿ,
22 ಜುಲೈ 2025, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುರುಮೂರ್ತಿ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತಾ? ಜೈಲಿನ ಸಿಮೆಂಟು ನೆಲದಲ್ಲಿ ಮಲಗಿ ಹೆಚ್ಚಾಗಿದೆ ಎಂದು ವಕೀಲ ಗೋಪಾಲನ್ ಹೇಳಿದರು. ಅಮ್ಮನಿಗೆ ನಾನು ಹೇಳಿಲ್ಲ. ಅವಳು ಕಳಿಸಿದ ಉಣ್ಣೆ ಟೋಪಿ ನಿನ್ನ ತಲೆಗೆ ಬಂತೋ, ಗೇಟಿನಲ್ಲೇ ಬೇರೆ ತಲೆ ಸೇರಿತೋ? ಈ ಕಾಗದವನ್ನು ನಿನಗಿಂತ ಮೊದಲು ಓದುವ ಸಾಹೇಬರಿಗೂ ನಮಸ್ಕಾರ. ಇದರಲ್ಲಿ ಬಾಂಬಿಲ್ಲ ಸಾರ್, ಆನೆ ಇದೆ.

ಅಮ್ಮ ಗಟ್ಟಿಯಾಗಿದ್ದಾಳೆ. ದಿನವೂ ಎಸ್ಟೇಟಿಗೆ ಟೀ ಎಲೆ ಕೊಯ್ಯಲು ಹೋಗುತ್ತಾಳೆ, ಅದೇ ಹಳ್ಳದ ದಾರಿಯಲ್ಲಿ. ಬೇರೆ ದಾರಿ ಎಲ್ಲಿದೆ? ಅವಳ ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದ ವಳ್ಳಿಯನ್ನು ಆ ದಾರಿಯಲ್ಲಿ ಆನೆ ತುಳಿದು ಇಂದಿಗೆ ಅರವತ್ತಮೂರು ದಿನ. ವಳ್ಳಿಯ ಹೆಣವನ್ನು ಮೈಸೂರು ರಸ್ತೆಯಲ್ಲಿಟ್ಟು ನೀನು ಕೂತದ್ದು ಅಪರಾಧವಾಯಿತು. ಆನೆ ಬಂದರೆ ಕೆಂಪಗಾಗಿ ಕೂಗಬೇಕಿದ್ದ ದೀಪದ ಕಂಬ ಅಂದು ಸತ್ತು ನಿಂತಿದ್ದು ಯಾರ ಅಪರಾಧವೂ ಆಗಲಿಲ್ಲ. ಗುತ್ತಿಗೆ ಮುಗಿಯಿತೆಂದು ಕಂಬ ನೆಟ್ಟ ಕಂಪನಿ ಅದನ್ನು ನಡೆಸುವ ತನ್ನ ಕಂಪ್ಯೂಟರ್ ಪ್ರೋಗ್ರಾಮಿಗೆ ಬೀಗ ಜಡಿದು ಹೋಗಿತ್ತು. ‘ಸದರಿ ದಾರಿಯಲ್ಲಿ ಆನೆ ಸಂಚಾರ ಇಲ್ಲ’ ಎಂದು ಬರೆದುಕೊಟ್ಟ ಅಧಿಕಾರಿ ಇವತ್ತಿಗೂ ಅದೇ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಿದ್ದಾನೆ. ವಳ್ಳಿಯ ಪಕ್ಕೆಲುಬು ಮುರಿದದ್ದು ಗಾಳಿಯೇನು?

ಈಗ ಸುದ್ದಿ ಕೇಳು. ಕಳೆದ ವಾರ ಕಂಪನಿಯವರು ಬಂದು, ಭಾನುವಾರದೊಳಗೆ ದೀಪ ಹತ್ತದಿದ್ದರೆ ಕಂಬ ಕಿತ್ತುಕೊಂಡು ಹೋಗುತ್ತೇವೆ ಎಂದರು. ಸಂಘದ ಸಭೆಯಲ್ಲಿ ನಾನೇ ಎದ್ದು ನಿಂತೆ. ಬೀಗ ಹಾಕಿದ ಪ್ರೋಗ್ರಾಮು ಯಾರಿಗೆ ಬೇಕು, ಎಲ್ಲರಿಗೂ ಸೇರಿದ್ದು ಒಂದಿದೆ, ನಮ್ಮಣ್ಣ ಅದನ್ನು ನಮ್ಮ ಕಾಡಿಗೆ ತಕ್ಕಂತೆ ತಿದ್ದಿದ್ದಾನೆ, ಅದರ ಮೂಲ ಕೋಡ್ ತಂದು ನಮ್ಮ ಕೈಯಾರೆ ಕಟ್ಟುತ್ತೇವೆ ಎಂದು ಭಾಷಣ ಬಿಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮರದ ಅಟ್ಟಣೆಯಲ್ಲಿ ಕೂತು ಸೀಮೆಎಣ್ಣೆ ತಗಡು ಬಡಿದು ದಾರಿ ಕಾಯುವ ನಮ್ಮ ಮಾದಪ್ಪ ಚಿಕ್ಕಪ್ಪ ಮಾತ್ರ ಕಿಚಾಯಿಸಿದ: ‘ನಿನ್ ಡಬ್ಬಕ್ಕೆ ಲದ್ದಿ ವಾಸ್ನೆ ಬತ್ತದಾ ಮಗಾ?’

ಗೂಡಲೂರಿನಲ್ಲಿ ಕಂಪ್ಯೂಟರ್ ಕಲಿಸುವ ಮಲರ್‌ಕೊಡಿ ನೆರವಿಗೆ ಬಂದಳು. ನಾಲ್ಕು ದಿನ ಸಂಘದ ಕೋಣೆ ಬಿಟ್ಟು ಕದಲಲಿಲ್ಲ. ಮೂಲದಿಂದ ಕಟ್ಟುವುದೆಂದರೆ ಬೀಗರನ್ನು ಮೆಚ್ಚಿಸಿದ ಹಾಗೆ ಕಣೋ. ಸದ್ದು ಓದುವ ಲೈಬ್ರರಿ, ಅಂದರೆ ಯಾರೋ ಮೊದಲೇ ಬರೆದಿಟ್ಟ ಕೋಡಿನ ಕಟ್ಟು, ಇಲ್ಲ ಎಂದಿತು ಪ್ರೋಗ್ರಾಮು, ತಂದೆವು. ಆ ಲೈಬ್ರರಿ, ನನಗೆ ಗಣಿತದ್ದೊಂದು ಬೇಕು ಎಂದಿತು. ಅದನ್ನೂ ತಂದರೆ, ಇದು ಹೊಸದು, ಹಳೆಯದೇ ಆಗಬೇಕು ಎಂದು ಹಟ. ಪರದೆ ತುಂಬ ಕೆಂಪು ಸಾಲುಗಳು. ‘ಕೊನೇ ಸಾಲು ನೋಡಿ ಹೆದರ್ಬೇಡ, ಮೊದಲ್ನೇ ತಪ್ಪು ಹುಡುಕು’ ಎನ್ನುತ್ತಿದ್ದೆಯಲ್ಲ, ಹಾಗೇ ಮೇಲಿನಿಂದ ಒಂದೊಂದೇ ಬಿಡಿಸಿದೆ. ಒಂದು ಲೈಬ್ರರಿಯಂತೂ ಕಂಪ್ಯೂಟರಿನಲ್ಲೇ ಇತ್ತು, ಅದನ್ನು ಬಳಸಿ ಕಟ್ಟಲು ಬೇಕಾದ ಹೆಡರ್ ಕಡತಗಳು ಮಾತ್ರ ಇರಲಿಲ್ಲ. ಅಷ್ಟು ತಿಳಿಯಲು ಅರ್ಧ ದಿನ ಹೋಯಿತು. ಕರೆಂಟು ಹೋದಾಗಲೆಲ್ಲ ಮಲರ್‌ಕೊಡಿ ‘ಮುರುಗಾ, ಮರುಪಡಿಯುಂ ಮೊದಲಿಂದಲಾ!’ ಎಂದು, ಮತ್ತೆ ಮೊದಲಿನಿಂದ ಕಟ್ಟಬೇಕಲ್ಲ ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು.

ಶನಿವಾರ ಸಂಜೆ ಒಂದೇ ಒಂದು ಉಳಿಯಿತು. ನೀನೇ ಬರೆದು ‘ಕಿವಿ’ ಎಂದು ಹೆಸರಿಟ್ಟ ತುಂಡು. ಕಂಬದ ಮೈಕಿನೊಳಗೆ ಬಂದ ಸದ್ದಿನಲ್ಲಿ ಆನೆ ಇದೆಯೋ ಇಲ್ಲವೋ ಎಂದು ಹೇಳುವುದು ಅದೊಂದೇ. ಬೇಕಾದವುಗಳ ಪಟ್ಟಿಯಲ್ಲಿ ಹೆಸರಿದೆ, ಹುಡುಕಿದರೆ ಲೋಕದಲ್ಲೆಲ್ಲೂ ಇಲ್ಲ. ‘ಇನ್ನೂ ಹಸಿ, ಬಲೀಲಿ’ ಎಂದು ನೀನು ಅದನ್ನು ಉಳಿದದ್ದರ ಜೊತೆ ಇಂಟರ್‌ನೆಟ್ಟಿಗೆ ಹಾಕಿರಲಿಲ್ಲ. ನಿನ್ನ ಲ್ಯಾಪ್‌ಟಾಪಿಗೆ ಸೀಲು ಹಾಕಿ ಪೊಲೀಸರು ಬೀರುವಿನಲ್ಲಿಟ್ಟಿದ್ದಾರೆ, ಸಾಕ್ಷ್ಯವಂತೆ. ಯಾವುದರ ಸಾಕ್ಷ್ಯ? ಊರು ಕಾಯುವ ಕಿವಿಯನ್ನೇ ಕೂಡಿಹಾಕಿದ್ದರ ಸಾಕ್ಷ್ಯ ತಾನೆ! ಅದರ ಪ್ರತಿ ಬೇರೆಲ್ಲಾದರೂ ಇಟ್ಟಿದ್ದೀಯಾ? ಪೆನ್‌ಡ್ರೈವಿನಲ್ಲಿ, ಯಾರದಾದರೂ ಮೇಲ್‌ನಲ್ಲಿ? ನೆನಪು ಮಾಡಿಕೊಂಡು ಗೋಪಾಲನ್ ಬಂದಾಗ ಹೇಳು. ತಡ ಮಾಡಬೇಡ.

ಭಾನುವಾರ ಅಂತೂ ಹೇಗೋ ಕಟ್ಟಿ ಮುಗಿಸಿದೆ. ‘ಬಿಲ್ಡ್ ಆಯ್ಚಕ್ಕಾ!’ ಎಂದು ಮಲರ್‌ಕೊಡಿ ಕುಣಿದಳು. ಕಂಬದ ಮೇಲೆ ಹಸಿರು ದೀಪ ಹತ್ತಿತು. ಹಸಿರೆಂದರೆ ಆನೆ ಇಲ್ಲ, ನಡೆಯಿರಿ ಎಂದರ್ಥ. ಕಂಪನಿಯವರು ಸಪ್ಪೆ ಮುಖ ಹೊತ್ತು ಜೀಪು ಹತ್ತಿದರು. ವಳ್ಳಿ ಹೋದಂದಿನಿಂದ ಹೆಂಗಸರು ಹಳ್ಳದ ದಡದಲ್ಲಿ ನಿಂತು ‘ಮಾದಪ್ಪೋ, ದಾರಿ ಬಿಟ್ಟದಾ?’ ಎಂದು ಕೂಗುತ್ತಿದ್ದರು. ಅವನು ತಗಡಿಗೆ ಒಂದೇ ಪೆಟ್ಟು ಹಾಕಿದರೆ ಬರಬಹುದು, ಬಿಡದೆ ಬಡಿದರೆ ಹಿಂದಕ್ಕೆ ಓಡಬೇಕು. ಪೆಟ್ಟು ಬೀಳದೆ ಒಬ್ಬಳೂ ನೀರಿಗೆ ಕಾಲಿಡುತ್ತಿರಲಿಲ್ಲ. ಈಗ ದೀಪ ನೋಡಿ ನಡೆಯುತ್ತಾರೆ. ಸಂಘ ಮಾದಪ್ಪನಿಗೆ ಶಾಲು ಹೊದಿಸಿ ಅಟ್ಟಣೆಯಿಂದ ಇಳಿಸಿತು, ತಗಡನ್ನು ಸಂಘದ ಗೋಡೆಗೆ ನೇತುಹಾಕಿತು. ನಿನ್ನೆ ಅಮ್ಮ ಎಲ್ಲರೆದುರು ‘ನನ್ ಮಗ ಜೈಲಲ್ಲಿ ಕೂತ್ಕಂಡೇ ನನ್ ದಾರಿ ಕಾಯ್ತಾವ್ನೆ’ ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಬೆನ್ನಿಗೆ ಬಿಸಿನೀರು ಕೇಳು, ಕೊಡದಿದ್ದರೆ ಜಗಳವಾಡು. ಅಮ್ಮನ ಆಶೀರ್ವಾದ, ಮಾದಪ್ಪನ ಬೈಗುಳ, ಸಂಘದ ಎಲ್ಲರ ವಂದನೆ ಈ ಕಾಗದದಲ್ಲಿವೆ.

ನಿನ್ನ ತಂಗಿ
ಶಿವರಂಜನಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ‘ಹೇಗೋ’ ಕಟ್ಟಿದೆ ಎಂದೆನಲ್ಲ, ಅದು ಹೀಗೆ. ಮಲರ್‌ಕೊಡಿ ಊಟಕ್ಕೆ ಹೋಗಿದ್ದಾಗ ‘ಕಿವಿ’ ಎಂಬ ಹೆಸರಿನಲ್ಲೇ ಖಾಲಿ ತುಂಡೊಂದನ್ನು ಬರೆದು ಸೇರಿಸಿದೆ. ಮೂರೇ ಸಾಲು. ಯಾವ ಸದ್ದು ಕೊಟ್ಟರೂ ‘ಆನೆ ಇಲ್ಲ’ ಎನ್ನುತ್ತದೆ. ಮೊದಲು ಕಂಬ ಉಳಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಚಪ್ಪಾಳೆ ಬಿತ್ತು, ಬಾಯಿ ಕಟ್ಟಿತು. ಆ ಅಧಿಕಾರಿ ಬರೆದುಕೊಟ್ಟದ್ದನ್ನೇ ನಾನೂ ಬರೆದುಕೊಟ್ಟೆ ಅಣ್ಣಾ. ಕಾಗದ ಅಂಚೆಗೆ ಹಾಕಲು ಹೊರಟಾಗ ಕಂಬದ ಬುಡದಲ್ಲಿ ಲದ್ದಿ ಕಂಡೆ. ಕೈಯಿಟ್ಟೆ, ಬಿಸಿಯಿತ್ತು. ತಲೆಯ ಮೇಲೆ ದೀಪ ಹಸಿರು. ದೀಪ ಆರಲೆಂದು ವೈರು ಕಿತ್ತು, ಓಡಿಹೋಗಿ ಗೋಡೆಯಿಂದ ತಗಡು ಇಳಿಸಿಕೊಂಡು ಬಂದು ಅಟ್ಟಣೆಯಲ್ಲಿ ಕೂತಿದ್ದೇನೆ. ಮಾದಪ್ಪ ಮಂಡಿ ತೋರಿಸಲು ಗೂಡಲೂರಿಗೆ ಹೋಗಿದ್ದಾನೆ. ಎಸ್ಟೇಟಿನಲ್ಲಿ ಯಾರ ಫೋನೂ ಸಿಗುತ್ತಿಲ್ಲ. ಐದಕ್ಕೆ ಹನ್ನೊಂದು ಹೆಂಗಸರು ಬರುತ್ತಾರೆ, ಮುಂದೆ ಅಮ್ಮ. ಕೆಳಗೆ ಬಿದಿರಿನಲ್ಲಿ ಮೂರು ಬೆನ್ನು ಕಾಣುತ್ತಿವೆ. ಕೆಸರಿನ ಹೆಜ್ಜೆ ನೋಡಿದರೆ ನಾಲ್ಕು. ನಾಲ್ಕನೆಯದು ಹಳ್ಳದ ಈಚೆಯೋ ಆಚೆಯೋ ಎಂದು ಮಾದಪ್ಪ ವಾಸನೆಯಲ್ಲೇ ಹೇಳುತ್ತಿದ್ದ, ನನಗೆ ಬರೀ ಮಳೆಯ ವಾಸನೆ. ನಿಲ್ಲಿಸುತ್ತೇನೆ. ಹಳ್ಳದಾಚೆಯಿಂದ ಅಮ್ಮ ಕೂಗುತ್ತಿದ್ದಾಳೆ, ದಾರಿ ಬಿಟ್ಟದಾ ಎಂದು.