ಸಹಿ ಹಾಕಿದರೆ ಸಾಕೆ, ಸ್ವಾಮಿ?

ಮಾನ್ಯ ಶಿಕ್ಷಣಾಧಿಕಾರಿಗಳೇ,

ಕಳೆದ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ನಿಮ್ಮ ಶಾಲೆಯೊಂದು ಎರಡನೇ ತರಗತಿಯ ನನ್ನ ಮಗಳನ್ನು, ನೆಟ್ಟಗೆ ನಿಲ್ಲಲಾರದ ಮನುಷ್ಯರೊಬ್ಬರ ಕೈಗೆ ಒಪ್ಪಿಸಿತು. ಅವರು ನನ್ನ ಗಂಡ. ಮಕ್ಕಳನ್ನು ಕರೆದೊಯ್ಯುವವರು ಸಹಿ ಹಾಕುವ ಪುಸ್ತಕದಲ್ಲಿ ಅವರ ಸಹಿಯೂ ಇದೆ. ಅದು ಗೆರೆ ದಾಟಿ ಇನ್ನೊಂದು ಮಗುವಿನ ಹೆಸರಿನ ಮೇಲೆ ಹರಿದಿದೆ. ಆದರೂ ದಾಖಲೆ ಕ್ರಮಬದ್ಧವಾಗಿದೆಯಂತೆ. ಅಭಿನಂದನೆಗಳು.

ಎರಡು ತಿಂಗಳ ಹಿಂದೆಯೇ ನಾನು ಮುಖ್ಯೋಪಾಧ್ಯಾಯಿನಿಯವರ ಮುಂದೆ ಮಾನ ಬಿಟ್ಟು ಕೇಳಿದ್ದೆ: "ಅವರು ಕುಡಿದು ಬಂದ್ರೆ ಮಗೂನ ಕಳಿಸಬೇಡಿ, ನನಗೊಂದು ಫೋನ್ ಮಾಡಿ."

"ಅಪ್ಪ ಅಂದ್ಮೇಲೆ ಅಪ್ಪ ಕಣಮ್ಮ. ಬಂದವರ ಬಾಯಿ ಮೂಸಿ ನೋಡೋಕಾಗುತ್ತಾ? ಮೇಲಿನವರನ್ನ ಕೇಳಿ."

ಮೇಲಿನವರಾದ ತಮ್ಮನ್ನು ಕೇಳಿದೆ. 'ನಿಯಮದಲ್ಲಿ ಅವಕಾಶವಿಲ್ಲ' ಎಂಬ ಒಂದು ಸಾಲು ಬಂತು. ಹಾಗಾದರೆ ಅಮಲಿನಲ್ಲಿ ಸ್ಕೂಟರ್ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗಲು ಯಾವ ನಿಯಮದಲ್ಲಿ ಅವಕಾಶವಿದೆ?

ಸ್ಕೂಟರ್ ಮೊದಲ ತಿರುವಿನಲ್ಲೇ ಗೋಡೆಗೆ ತಾಗಿ ಮಗುಚಿತು. ಮಗಳ ಮೊಣಕಾಲು ತರಚಿತು. ಅಪ್ಪ ತಡವರಿಸುತ್ತಾ ಏಳುವಷ್ಟರಲ್ಲಿ ಅವಳು ಬೀಗದಕೈ ಕಿತ್ತುಕೊಂಡು ಶಾಲೆಗೆ ಓಡಿದಳು. ಗೇಟಿನಲ್ಲಿದ್ದ ಆಯಾಗೆ ಅದನ್ನು ಕೊಟ್ಟು, "ಅಜ್ಜಿ, ಇದನ್ನ ಬಚ್ಚಿಡಿ. ಅಪ್ಪ ಕೇಳಿದ್ರೂ ಕೊಡಬೇಡಿ" ಎಂದಳಂತೆ. ನಿಮ್ಮ ಇಡೀ ಇಲಾಖೆಗೆ ಹೊಳೆಯದ್ದು ಏಳು ವರ್ಷದವಳಿಗೆ ಹೊಳೆಯಿತು.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ ನಾನು, ಆಯಾ ಫೋನ್ ಮಾಡಿದೊಡನೆ ಎದ್ದುಬಿದ್ದು ಓಡಿದೆ. ಮಗಳು ಅಳುತ್ತಿರಲಿಲ್ಲ. "ಬೈಬೇಡಮ್ಮ. ಅಪ್ಪಂಗೆ ಇವತ್ತು ಹುಷಾರಿಲ್ಲ" ಎಂದಳು. ನೆರೆಯವರಿಗೆ, ನೆಂಟರಿಗೆ ಹೇಳಲೆಂದು ಮೂರು ವರ್ಷದಿಂದ ನಾನೇ ಅವಳಿಗೆ ಬಾಯಿಪಾಠ ಮಾಡಿಸಿದ ಸುಳ್ಳು ಅದು. ತಪ್ಪು ನಿಮ್ಮದೊಂದೇ ಅಲ್ಲ, ಒಪ್ಪುತ್ತೇನೆ.

ಮರುದಿನ ಬೆಳಿಗ್ಗೆ ಗಂಡ ಮಗಳ ಮೊಣಕಾಲಿನ ಪಟ್ಟಿಯನ್ನೇ ನೋಡುತ್ತಾ ಕುಳಿತಿದ್ದರು. ಆಮೇಲೆ ಕಾಗದ ಕೇಳಿದರು. "ನಾನು ಕುಡಿದು ಬಂದ್ರೆ ನನ್ನ ಮಗಳನ್ನ ನನ್ನ ಕೈಗೆ ಕೊಡಬೇಡಿ ಅಂತ ನಾನೇ ಬರೆದುಕೊಡ್ತೀನಿ" ಎಂದರು. ಬರೆದರು. ಈಗ ವೈದ್ಯರ ಬಳಿಗೂ ಹೋಗುತ್ತಿದ್ದಾರೆ. ಎಷ್ಟು ದಿನವೋ, ನಾನು ಕಾಣೆ.

ಆ ಪತ್ರ ಹಿಡಿದು ನಿಮ್ಮ ಕಚೇರಿಗೆ ಬಂದರೆ ಗುಮಾಸ್ತರು ಹೇಳಿದ್ದಿಷ್ಟು: "ಇಂಥದಕ್ಕೆ ನಮೂನೆ ಇಲ್ವಲ್ಲಮ್ಮ."

ನಮೂನೆ ಮಾಡಿ, ಸ್ವಾಮಿ. ಕುಡಿದು ಬಂದವರು ಯಾರೇ ಆಗಲಿ, ಮಗುವನ್ನು ಒಳಗೇ ಕೂರಿಸಿಕೊಂಡು ಮನೆಯ ಇನ್ನೊಬ್ಬರಿಗೆ ಫೋನ್ ಮಾಡಬೇಕೆಂದು ಎಲ್ಲ ಶಾಲೆಗಳಿಗೂ ಆದೇಶ ಕಳಿಸಿ. ಅಲ್ಲಿಯವರೆಗೆ ಪ್ರತಿದಿನ ಮೂರೂವರೆಗೆ ನಾನು ಅಂಗಡಿಯ ಕೆಲಸ ಬಿಟ್ಟು ಆ ಗೇಟಿನ ಮುಂದೆ ನಿಂತಿರುತ್ತೇನೆ. ಒಮ್ಮೆ ಬಂದು ನೋಡಿ. ಹಾಗೆ ನಿಂತವಳು ನಾನೊಬ್ಬಳೇ ಅಲ್ಲ.

ಇಂತಿ,
ಮಗಳಿಗಿಂತ ತಡವಾಗಿ ಬುದ್ಧಿ ಬಂದ
ತಾಯಿ