ಕಷಾಯದ ಕಹಿ

ಅಮ್ಮಾ, ನೀನಿದ್ದಾಗಲೂ ನಿನಗೆ ಓದಲು ಬರುತ್ತಿರಲಿಲ್ಲ. ಅದಕ್ಕೇ ಬರೆಯುವ ಧೈರ್ಯ ಮಾಡಿದ್ದೇನೆ.

ಇವತ್ತು ಪಕ್ಕದ ಮನೆಯ ಹೊಸ ಸೊಸೆ ಥೊಬೆಕಾ ಬಂದಿದ್ದಳು, ಏಳು ತಿಂಗಳ ಬಸುರಿ. ಹೆರಿಗೆ ಸಲೀಸಾಗಲೆಂದು ನೀನು ಬೇರು ಕುದಿಸಿ ಕೊಡುತ್ತಿದ್ದ ಇಸಿಹ್ಲಂಬೇಜೊ ಕಷಾಯ ಅವಳಿಗೂ ಬೇಕಂತೆ.

"ತುಂಬಾ ಕಹಿನಾ ಅಕ್ಕಾ?" ಎಂದಳು.

"ಗೊತ್ತಿಲ್ಲ ಕಣೇ."

"ಅಯ್ಯೋ, ಆ ಅಜ್ಜಿ ಮಗಳಾಗಿ ನೀವೇ ಕುಡಿದಿಲ್ವಾ?"

ನನ್ನ ಮಗು ಉಸಿರಿಲ್ಲದೆ ಹುಟ್ಟಿದ ದಿನ, "ನನ್ನ ಕಷಾಯವೇ ಕೊಂದಿತು" ಎಂದು ನೀನು ಎದೆ ಬಡಿದುಕೊಂಡೆ. ಆಮೇಲೆ ಸಾಯುವವರೆಗೂ ಯಾರಿಗೂ ಕಾಯಿಸಿ ಕೊಡಲಿಲ್ಲ. ಆದರೆ ಬಸುರಿಯಾಗಿದ್ದಾಗ, ನಾಟಿ ಮದ್ದು ಮುಟ್ಟಬೇಡ ಎನ್ನುತ್ತಿದ್ದ ಆಸ್ಪತ್ರೆಯ ನರ್ಸಮ್ಮನ ಬೈಗುಳಕ್ಕೆ ಹೆದರಿ ನಾನು ಒಂದೊಂದು ಲೋಟವನ್ನೂ ಪೀಚ್ ಮರದ ಬುಡಕ್ಕೆ ಸುರಿದಿದ್ದೆ. ಒಂದು ಗುಟುಕನ್ನೂ ಕುಡಿದಿರಲಿಲ್ಲ; ಅದನ್ನು ನಿನಗೆ ಕೊನೆಗೂ ಹೇಳಲಿಲ್ಲ.

ಥೊಬೆಕಾ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು.

"ಕುಡಿದಿದ್ದೀನಿ," ಎಂದೆ. "ತುಂಬಾ ಕಹಿ."